ತಿಂಗಳಿಗೊಮ್ಮೆ ಬೀಳುತ್ತಿದ್ದ ಸರ್ವರ್

ಆ ಮ್ಯಾನೇಜರರ ಮೇಲಿನ ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯಲಿ ಎಂದು ನಾನು ಕಾಯುತ್ತಲೂ ಇಲ್ಲ. ವಯಸ್ಸಾದ ಮೇಲೆ ಎಲ್ಲರನ್ನೂ ಕ್ಷಮಿಸಿಬಿಡಬೇಕು ಎಂದು ಹೇಳುವವರು ಆಗಾಗ ಸಿಗುತ್ತಾರೆ. ಅವರನ್ನು ಯಾರೂ ನಾಲ್ಕು ಜನರ ಮುಂದೆ ನಿಲ್ಲಿಸಿ ನನ್ನನ್ನು ಕೇಳಿದಂಥ ಪ್ರಶ್ನೆ ಕೇಳಿರುವುದಿಲ್ಲ.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿದ್ದ ಒಂದು ಪ್ಲೈವುಡ್ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ವಿಭಾಗ. ವಿಭಾಗ ಎಂದರೆ ನಾನೊಬ್ಬಳೇ. ಒಂದು ಸರ್ವರ್, ಅದಕ್ಕೆ ಜೋಡಿಸಿದ ಏಳು ಕಂಪ್ಯೂಟರ್, ನಾಲ್ಕು ಪ್ರಿಂಟರ್. ದಾಸ್ತಾನು, ಆರ್ಡರು, ಗೇಟ್ ಪಾಸು ಎಲ್ಲವೂ ಆ ಸರ್ವರಿನ ಮೇಲೆಯೇ. ಅದು ನಿಂತರೆ ಗೇಟ್ ಪಾಸು ಪ್ರಿಂಟಾಗದು, ಪಾಸು ಇಲ್ಲದೆ ಲಾರಿ ಹೊರಡದು, ಲಾರಿ ಹೊರಡದಿದ್ದರೆ ಡ್ರೈವರುಗಳ ಬಾಯಿ ತೆರೆಯುತ್ತದೆ. ಆ ಬಾಯಿ ಕೇಳುವವಳು ನಾನು.

ಆ ವರ್ಷದ ಮಳೆಗಾಲದವರೆಗೆ ಸರ್ವರ್ ಡಿಸ್ಪ್ಯಾಚ್ ಹಾಲಿನಲ್ಲಿ ನನ್ನ ಮೇಜಿನ ಪಕ್ಕ, ಫ್ಯಾನಿನ ಕೆಳಗೆ ಧೂಳು ತಿನ್ನುತ್ತಾ ಕೂತಿತ್ತು. ಒಂದು ದಿನವೂ ಹಟ ಮಾಡಿರಲಿಲ್ಲ. ಮಳೆ ಹಿಡಿದ ಮೇಲೆ ಮ್ಯಾನೇಜರರು ತಮ್ಮ ಕೋಣೆಯ ಹಿಂಭಾಗದಲ್ಲಿ ಗಾಜಿನ ಗೂಡೊಂದನ್ನು ಕಟ್ಟಿಸಿ, ಏಸಿ ಹಾಕಿಸಿ, ಸರ್ವರನ್ನು ಅಲ್ಲಿಗೆ ಸಾಗಿಸಿದರು. ಕೀಲಿ ಅವರ ಜೇಬಿನಲ್ಲಿ. ನಾನು ಅಂಗಳದ ಈಚೆ ಹಾಲಿನಲ್ಲೇ ಕೂತು ದೂರದಿಂದ ಕೆಲಸ ಮಾಡಬೇಕು, ಒಳಗೆ ಹೋಗುವುದಿದ್ದರೆ ಅವರನ್ನು ಕೇಳಬೇಕು. ರವಿವಾರ ಬ್ಯಾಕಪ್ ಟೇಪು ಬದಲಿಸಲು ಮಾತ್ರ ಕೀಲಿ ವಾಚ್‌ಮನ್ ಕೈಗೆ ಬರುತ್ತಿತ್ತು.

ಮಳೆ ಜಡಿಯುತ್ತಿದ್ದ ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಏಳೂ ಪರದೆಗಳು ಒಟ್ಟಿಗೆ ನಿಂತುಬಿಟ್ಟವು. ಹತ್ತು ಹದಿನೈದು ನಿಮಿಷದ ಮೇಲೆ ಮ್ಯಾನೇಜರರು ಒಳಗೆ ಕರೆದರು. ಏಸಿ ಭರ್ರೋ ಎನ್ನುತ್ತಿತ್ತು. ಅವರ ಕೋಣೆಯಲ್ಲಿ ದಿನವೂ ಇರುವ ಊದಿನಕಡ್ಡಿಯ ವಾಸನೆ ಅಂದೂ ಇತ್ತು. ಸರ್ವರಿನ ಪೆಟ್ಟಿಗೆ ಮುಟ್ಟಿದರೆ ಬಿಸಿ. ಕೆಲಸ ಮಾಡುವ ಯಂತ್ರ ಬಿಸಿಯಾಗಿರುವುದು ಸಹಜ ಎಂದುಕೊಂಡೆ. ಅದು ನನ್ನ ಮೊದಲ ತಪ್ಪು. ಮತ್ತೆ ಚಾಲೂ ಮಾಡಿ, ಡಿಸ್ಕಿನ ತಪಾಸಣೆ ಮುಗಿದು ಲಾರಿಗಳು ಹೊರಡುವಾಗ ಊಟದ ಹೊತ್ತು ಮೀರಿತ್ತು. ನಡೆದದ್ದನ್ನೆಲ್ಲ ಬರೆದಿಡುವ ಸಿಸ್ಟಮ್ಮಿನ ಲಾಗ್ ತೆರೆದು ನೋಡಿದರೆ ಡಿಸ್ಕ್ ಉತ್ತರ ಕೊಡುತ್ತಿಲ್ಲ ಎಂಬ ಮೂರು ಸಾಲು, ಆಮೇಲೆ ಏನೂ ಇಲ್ಲ. ಎರಡು ದಿನ ಬಿಟ್ಟು ಹುಬ್ಬಳ್ಳಿಯಿಂದ ಬಂದ ಎಂಜಿನಿಯರ್ ಪೆಟ್ಟಿಗೆ ಬಿಚ್ಚಿ, ಮುಚ್ಚಿ, "ಹಾರ್ಡ್‌ವೇರ್ ಎಲ್ಲಾ ಚಲೋ ಐತ್ರಿ. ನಡಸೋರ ಕೈಯಾಗ ಏನರ ಆಗಿರಬೇಕು" ಎಂದು ಚಹಾ ಕುಡಿದು ಹೋದ.

ನಡೆಸುವವಳು ನಾನೇ. ಹಾಗಾಗಿ ಕಾವಲು ಕೂತೆ. ಐದು ನಿಮಿಷಕ್ಕೊಮ್ಮೆ ತಾನಾಗಿ ಓಡುವ ಒಂದು ಸ್ಕ್ರಿಪ್ಟ್ ಬರೆದೆ. ಪ್ರೊಸೆಸರಿನ ಮೇಲೆ ಎಷ್ಟು ಹೊರೆ, ಮೆಮೊರಿ ಎಷ್ಟು ಖಾಲಿ, ಡಿಸ್ಕಿನಲ್ಲಿ ಜಾಗ ಎಷ್ಟು, ಎಷ್ಟು ಪ್ರೋಗ್ರಾಮುಗಳು ಓಡುತ್ತಿವೆ ಎಂಬುದನ್ನೆಲ್ಲ ಅದು ಒಂದು ಸಾಲಿನಲ್ಲಿ ಬರೆದಿಡುತ್ತಿತ್ತು. ಸರ್ವರ್ ಬಿದ್ದಾಗ ಕೊನೆಯ ಸಾಲುಗಳೂ ಅದರ ಜೊತೆಗೇ ಹೋಗಬಾರದಲ್ಲ? ಅದಕ್ಕೆ ನನ್ನ ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರಿಗೂ ಪ್ರತಿ ಸಾಲಿನ ಒಂದು ಪ್ರತಿ ಬಂದು ಬೀಳುವಂತೆ ಮಾಡಿದೆ. ದಿನಾ ಬೆಳಿಗ್ಗೆ ಬಂದವಳೇ ಹಿಂದಿನ ದಿನದ ಸಾಲುಗಳನ್ನು ಓದುತ್ತಿದ್ದೆ.

ಎರಡು ವಾರದಲ್ಲಿ ಕಳ್ಳನೊಬ್ಬ ಸಿಕ್ಕ ಹಾಗಾಯಿತು. ಪ್ರಿಂಟಾಗದೆ ಉಳಿದ ಗೇಟ್ ಪಾಸುಗಳು ಗುಪ್ಪೆಗುಪ್ಪೆಯಾಗಿ ಡಿಸ್ಕಿನ ಜಾಗ ತಿನ್ನುತ್ತಿದ್ದವು. ಗುಡಿಸಿ ಹಾಕಿದೆ. ಇನ್ನು ಬೀಳುವುದಿಲ್ಲ ಎಂದು ಮ್ಯಾನೇಜರರಿಗೆ ಹೋಗಿ ಹೇಳಿಯೂ ಬಂದೆ. ಶ್ರಾವಣದ ಕೊನೆಗೆ ಅದು ಮತ್ತೆ ಬಿತ್ತು, ಅದೇ ಹನ್ನೊಂದರ ಸುಮಾರಿಗೆ. ಹಳೆಯ ಕಂಪ್ಯೂಟರಿನಲ್ಲಿದ್ದ ಕೊನೆಯ ಸಾಲು ನೋಡಿದೆ. ಹೊರೆ ಕಡಿಮೆ, ಮೆಮೊರಿ ಅರ್ಧ ಖಾಲಿ, ಡಿಸ್ಕಿನಲ್ಲಿ ಬೇಕಾದಷ್ಟು ಜಾಗ. ಯಾವ ಕಾಯಿಲೆಯೂ ಇಲ್ಲದೆ ಸತ್ತಿತ್ತು.

ಆ ಮಧ್ಯಾಹ್ನ ಮ್ಯಾನೇಜರರ ಕೋಣೆಯಲ್ಲಿ ಇಬ್ಬರು ಗುಮಾಸ್ತರೂ ಮುಂಡಗೋಡ ಕಡೆಯ ಒಬ್ಬ ಲಾರಿ ಡ್ರೈವರೂ ನಿಂತಿದ್ದರು. ಮ್ಯಾನೇಜರರು ಮೇಜಿನ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಾ ಕೇಳಿದರು.

"ತಂಗಿ, ಸಿಟ್ಟಿಗೇಳಬ್ಯಾಡ. ಇವತ್ತ ನೀ ಹೊರಗಾಗಿಯೇನು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಎಲ್ಲಿ ಹೊರಗರಿ ಸರ್?" ಎಂದೆ. ಡ್ರೈವರ್ ನಕ್ಕ. ಆ ನಗುವಿನಿಂದ ಅರ್ಥವಾಯಿತು.

"ಹೋದ ತಿಂಗಳೂ ಬಿತ್ತು, ಈ ತಿಂಗಳೂ ಬಿತ್ತು. ತಿಂಗಳಿಗೊಮ್ಮೆ ಏನ್ ಆಗತೈತಿ ಅಂತ ನಾ ಬಾಯಿಬಿಟ್ಟ ಹೇಳಬೇಕೇನು? ಮಷಿನ್ ಅಂದ್ರ ಲಕ್ಷ್ಮಿ. ಅಂಥಾ ದಿನಾ ಮುಟ್ಟಬ್ಯಾಡ. ಕಸ ಹೊಡಿಯೋ ಆಯಾನ ಮುಂದ ನಿನ್ನ ದಿನಾ ಹೇಳಿಬಿಡು, ಆಕಿ ನನಗ ಹೇಳತಾಳ."

ನನ್ನ ಕಿವಿಯಿಂದ ಬೆಂಕಿ ಬಂತು. ನಮ್ಮದೂ ಅವರದೂ ಒಂದೇ ಮತ. ಹಣೆಯ ಮೇಲೆ ಮೂರು ಬೆರಳ ವಿಭೂತಿ ಅವರದು. ಪಾಳಾ ಊರಿನಲ್ಲಿದ್ದ ನಮ್ಮಜ್ಜಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಸೂತಕವೆಲ್ಲಿಯದು ಎನ್ನುತ್ತಾ ಆ ದಿನಗಳಲ್ಲೂ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುತ್ತಿದ್ದಳು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು, ಬಾಯಿ ದಾಟಲಿಲ್ಲ. "ಇಲ್ಲರಿ ಸರ್" ಎಂದಷ್ಟೇ ಹೇಳಿ ಹೊರಗೆ ಬಂದೆ. ಹೇಳಬಾರದಿತ್ತು. ಆ ಪ್ರಶ್ನೆಗೆ ಉತ್ತರ ಕೊಟ್ಟದ್ದಕ್ಕೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಅಂಗಳ ದಾಟಿ ಹಾಲಿಗೆ ಬರುವಷ್ಟರಲ್ಲಿ ಮನಸ್ಸಿನಲ್ಲಿ ಒಂದೇ ಮಾತು ಉಳಿದಿತ್ತು: ಈತನನ್ನು ಬಿಡಬಾರದು.

ಅಲ್ಲಿಂದ ಮುಂದೆ ನಾನು ಸರ್ವರಿನ ಆರೋಗ್ಯಕ್ಕಾಗಿ ಕಾವಲು ಕೂರಲಿಲ್ಲ. ಆತನಿಗಾಗಿ ಕೂತೆ.

ಆಪರೇಟಿಂಗ್ ಸಿಸ್ಟಮ್ ಹೇಳಬಲ್ಲದ್ದನ್ನೆಲ್ಲ ಕೇಳಿ ಮುಗಿದಿತ್ತು. ನಮ್ಮದು ಲಿನಕ್ಸ್. ಮದರ್‌ಬೋರ್ಡಿನಲ್ಲಿ ಪ್ರೊಸೆಸರಿನ ಶಾಖವನ್ನೂ ಫ್ಯಾನಿನ ವೇಗವನ್ನೂ ಅಳೆಯುವ ಒಂದು ಚಿಪ್ ಇರುತ್ತದೆ, ಲಿನಕ್ಸ್ ಅದನ್ನು ಓದುವಂತೆ ಮಾಡಬಹುದು ಎಂದು ಹಳೆಯ ಪತ್ರಿಕೆಯೊಂದರ ಸಿ.ಡಿ.ಯಲ್ಲಿ ಓದಿದೆ. ಹೇಳಿದಷ್ಟು ಸುಲಭವಿರಲಿಲ್ಲ. ಯಾವ ಚಿಪ್ ಎಂದು ಗೊತ್ತಾಗಲು ಒಂದು ರವಿವಾರ ಹೋಯಿತು. ಎರಡನೇ ರವಿವಾರ ಶಾಖ ನೂರಿಪ್ಪತ್ತೇಳು ಡಿಗ್ರಿ ಎಂದು ತೋರಿಸಿತು, ಫ್ಯಾನ್ ಸೊನ್ನೆ. ಅಷ್ಟು ಶಾಖವಿದ್ದಿದ್ದರೆ ಅದರ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಮೂರನೇ ರವಿವಾರ ಅದು ನಲವತ್ತೆರಡು ಎಂದಿತು.

ಯಂತ್ರ ಹೇಳಿದ್ದನ್ನು ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ವಿನೀರ್ ಎಂಬ ತೆಳು ಮರದ ಹಾಳೆಗಳನ್ನು ಒಣಗಿಸುವ ಡ್ರೈಯರಿನ ಮೇಸ್ತ್ರಿ ಜೋಯಿಡಾದ ಕೊಂಕಣಿ ಮಾತಿನ ಮನುಷ್ಯ, ಕಾರ್ಖಾನೆಯಲ್ಲಿ ಶಾಖ ಅಳೆಯುವುದು ಗೊತ್ತಿದ್ದವನು ಅವನೊಬ್ಬನೇ. ಅಂದೇ ಅವನ ಥರ್ಮಾಮೀಟರ್ ತರಿಸಿ ಪೆಟ್ಟಿಗೆಯ ಗಾಳಿ ಬರುವ ಕಂಡಿಗೆ ಹಿಡಿಸಿದೆ. ಏಸಿ ಏರಿಸಿ ಇಳಿಸಿ ನೋಡಿದೆವು. ಅವನ ಪಾದರಸ ಏರಿದಾಗ ನನ್ನ ಅಂಕಿಯೂ ಏರಿತು, ಇಳಿದಾಗ ಇಳಿಯಿತು. "ಖರೇ ಹೇಳ್ತೈತಿ ಬಾಯಿ" ಎಂದ ಮೇಸ್ತ್ರಿ; ಹೆಂಗಸರಿಗೆಲ್ಲ ಅವನು ಬಾಯಿ ಎನ್ನುತ್ತಿದ್ದ. ಆ ಎರಡು ಅಂಕಿಗಳೂ ಸ್ಕ್ರಿಪ್ಟಿನ ಸಾಲಿಗೆ ಸೇರಿದವು.

ಮೂರನೇ ಸಲ ಬಿದ್ದದ್ದು ಮಹಾನವಮಿಗೆ ಸ್ವಲ್ಪ ಮುಂಚೆ. ಅಂದು ನಾನು ಪ್ರಿಂಟರಿನ ರಿಬ್ಬನ್ ಬದಲಿಸುತ್ತಾ ಗೇಟಿನಲ್ಲಿದ್ದೆ. ಶಾಖ ಏರಿದರೆ ಎಚ್ಚರಿಸು ಎಂಬ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆದಿಡುವುದೊಂದೇ ತಲೆಯಲ್ಲಿದ್ದುದರಿಂದ ಅದು ಹೊಳೆದಿರಲಿಲ್ಲ. ಸರ್ವರನ್ನು ಎಬ್ಬಿಸಿ, ಬೈಗುಳ ತಿಂದು, ನನ್ನ ಮೇಜಿಗೆ ಬಂದು ಸಾಲುಗಳನ್ನು ನೋಡಿದೆ.

ಏಳೂ ಇಪ್ಪತ್ತೈದಕ್ಕೆ ನಲವತ್ತೆರಡು. ಏಳೂವರೆಗೆ ನಲವತ್ತಮೂರು. ಎಂಟೂವರೆಗೆ ಐವತ್ತೊಂದು. ಹತ್ತಕ್ಕೆ ಅರವತ್ತಮೂರು, ಫ್ಯಾನ್ ತನ್ನ ಶಕ್ತಿಯನ್ನೆಲ್ಲ ಹಾಕಿ ತಿರುಗುತ್ತಿದೆ. ಹನ್ನೊಂದೂ ಐದಕ್ಕೆ ಎಪ್ಪತ್ತೊಂದು. ಅಲ್ಲಿಗೆ ನಿಂತಿತ್ತು.

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಬೆಳಿಗ್ಗೆ ಏಳೂವರೆಗೆ ಯಾರೋ ಏಸಿ ಬಂದ್ ಮಾಡಿದ್ದರು. ನಾನು ಬಸ್ಸಿಳಿಯುವುದು ಒಂಬತ್ತಕ್ಕೆ. ಏಳೂವರೆಗೆ ಆ ಕೀಲಿ ಒಬ್ಬರ ಜೇಬಿನಲ್ಲಿ ಮಾತ್ರ ಇರುತ್ತಿತ್ತು.

ಆದರೆ ಯಾಕೆ? ಬೆಳಿಗ್ಗೆ ಮೊದಲು ಬರುವವಳು ಕಸ ಹೊಡೆಯುವ ಆಯಾ, ನನ್ನ ದಿನಗಳ ಮೇಲೆ ಕಣ್ಣಿಡಲು ನೇಮಕವಾಗಿದ್ದವಳು. ಅವಳನ್ನೇ ಕೇಳಿದೆ.

"ಇವತ್ತ ಅಮಾಸಿ ಅಲ್ಲೇನಬೇ ಯವ್ವಾ" ಎಂದಳು. "ಎಲ್ಲಾ ಮಷಿನ್ನಿಗೂ ಪೂಜಿ. ನಿನ್ನ ಮಷಿನ್ನಿಂದು ಸಾಹೇಬ್ರೇ ಮಾಡ್ತಾರ. ಒಳಗ ದೀಪ ಹಚ್ಚಿ ಇಡ್ತಾರ. ಥಂಡಿ ಗಾಳಿಗಿ ದೀಪ ಆರತೈತಿ ಅಂತ ಅದನ್ನ ಬಂದ್ ಮಾಡಿ ಬಾಗಲಾ ಹಾಕತಾರ. ಎಣ್ಣಿ ತೀರೂತನಾ ಯಾರೂ ಮುಟ್ಟಂಗಿಲ್ಲ."

"ನಾ ಬಂದಾಗ ದೀಪ ಇರಂಗಿಲ್ಲಲ್ಲ?"

ಆಯಾ ಸೆರಗು ಬಾಯಿಗೆ ಹಿಡಿದಳು. "ಮಷಿನ್ ಬಿದ್ದ ಕೂಡ್ಲೆ ದೀಪ ಎತ್ತಿ ತಮ್ಮ ಖೋಲಿ ದೇವರ ಜಗಲಿಗಿ ಇಡ್ತಾರ, ಥಂಡಿ ಮಷಿನ್ ಚಾಲೂ ಮಾಡ್ತಾರ, ಆಮ್ಯಾಲ ನಿನ್ನ ಕರೀತಾರ. ನಿನ್ನ ನೆರಳ ದೀಪದ ಮ್ಯಾಲ ಬೀಳಬಾರದಂತ."

ಎಷ್ಟು ಚೆಂದದ ವ್ಯವಸ್ಥೆ ನೋಡಿ. ತಾವೇ ಯಂತ್ರವನ್ನು ಬೇಯಿಸಿ, ನನ್ನನ್ನು ಮೈಲಿಗೆಯೆಂದು ದೂರವಿಟ್ಟು, ಆ ಮಡಿಗಾಗಿಯೇ ಸಾಕ್ಷಿಯನ್ನೂ ಎತ್ತಿಡುತ್ತಿದ್ದರು. ಆತ ಮೋಸಗಾರನಾಗಿದ್ದರೆ ನನ್ನ ಸಿಟ್ಟು ಇಷ್ಟಿರುತ್ತಿರಲಿಲ್ಲವೇನೋ. ಪೂರ್ತಿ ನಂಬಿ ಮಾಡುತ್ತಿದ್ದರು.

ಸಂಜೆ ಸಹಿಗೆಂದು ಅವರ ಕೋಣೆಗೆ ಹೋದಾಗ ಮೇಜಿನ ಕ್ಯಾಲೆಂಡರ್ ನೋಡಿದೆ. ಅವರು ಕೆಂಪು ಸುತ್ತು ಹಾಕಿದ್ದ ಮೂರು ಅಂಕಿಗಳ ಪಕ್ಕದಲ್ಲೂ ಅಮಾವಾಸ್ಯೆಯ ಕಪ್ಪು ಬೊಟ್ಟು. ನಾಗರ ಅಮಾವಾಸ್ಯೆ, ಶ್ರಾವಣದ ಅಮಾವಾಸ್ಯೆ, ಮಹಾನವಮಿ ಅಮಾವಾಸ್ಯೆ. ತಮ್ಮ ಕೈಯಾರೆ ಮೂರು ಸಲ ಕಪ್ಪು ಬೊಟ್ಟಿಗೆ ಸುತ್ತು ಹಾಕಿ, ಮೂರು ಸಲವೂ ನನ್ನನ್ನೇ ಕಂಡಿದ್ದರು. ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕ ಹಿಡಿಯುವ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗಾದರೂ ಹೊಳೆಯಬೇಕಿತ್ತು. ಆದರೆ ನನ್ನ ಲಾಗ್‌ಗಳಲ್ಲಿ ಇದ್ದದ್ದು ಇಂಗ್ಲಿಷ್ ತಾರೀಖು ಮಾತ್ರ.

ಸಹಿ ಮಾಡುತ್ತಾ ಅವರು ಹೇಳಿದರು: "ದೀಪಾವಳಿ ಅಮಾಸಿಗೆ ಸಾವ್ಕಾರ್ರು ಬರ್ತಾರ. ಇನ್ನೊಮ್ಮೆ ಬಿತ್ತಂದ್ರ ನಿನ್ನ ವಿನೀರ್ ಶೆಡ್ಡಿಗೆ ಹಾಕ್ರಿ ಅಂತ ಹೇಳ್ತೇನಿ. ನಿನ್ನ ಜಾಗಾಕ್ಕ ದಾಂಡೇಲ್ಯಾಗ ಒಬ್ಬ ಗಂಡ ಹುಡುಗನ ನೋಡೇನಿ." ಸಾವ್ಕಾರ್ರು ಎಂದರೆ ಕಾರ್ಖಾನೆಯ ಮಾಲೀಕರು. ವಿನೀರ್ ಶೆಡ್ಡು ಎಂದರೆ ದಿನವಿಡೀ ಹಸಿ ಮರದ ಹಾಳೆ ಎಣಿಸಿ ಜೋಡಿಸುವ ಕೆಲಸ. ನಾನು ಮೂರು ವರ್ಷ ಕಲಿತದ್ದೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹಳಿಯಾಳದ ಬಸ್‌ಸ್ಟ್ಯಾಂಡಿನವರೆಗೂ ಕಾರಣ ಹಬ್ಬುತ್ತಿತ್ತು.

ಡ್ರೈಯರ್ ಮೇಸ್ತ್ರಿಗೆ ಮಾತ್ರ ಎಲ್ಲ ಹೇಳಿದೆ. ಅವನು ಸಮಾಧಾನದ ಮನುಷ್ಯ. "ಹೋಗಿ ಹೇಳಿಬಿಡ್ರಿ ಬಾಯಿ. ಏಸಿ ಚಾಲೂ ಇಟ್ರ ಮುಗೀತಲ್ಲ. ನಾಳೆ ಅವರ ಸಂಗಡಾನೇ ಕೆಲಸ ಮಾಡಬೇಕು ನೀವು."

ಒಂದು ರಾತ್ರಿಯೆಲ್ಲ ಯೋಚಿಸಿದೆ. ಹೇಳಿದರೆ ಏನಾಗುತ್ತದೆ? ಅವರು ಸದ್ದಿಲ್ಲದೆ ಏಸಿ ಚಾಲೂ ಇಡುತ್ತಾರೆ. ಸರ್ವರ್ ಬೀಳುವುದಿಲ್ಲ. ಈಗ ಆ ಹುಡುಗಿ ನೇಮದಿಂದ ಇದ್ದಾಳೆ, ಅದಕ್ಕೇ ಬೀಳುತ್ತಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಯಂತ್ರ ಗುಣವಾಗುತ್ತದೆ, ನನ್ನ ಮೇಲಿನ ಕಲೆ ಹಾಗೇ ಉಳಿಯುತ್ತದೆ. ಇಲ್ಲ. ಅದು ಬೀಳಬೇಕು. ಎಲ್ಲರ ಕಣ್ಣೆದುರು, ನಾನು ಹೇಳಿದ ಹೊತ್ತಿಗೆ, ಮಾಲೀಕರ ಮುಂದೆಯೇ ಬೀಳಬೇಕು. ಸರ್ವರ್ ನೋಡಿಕೊಳ್ಳುವವಳು ಹಾಗೆ ಬಯಸಬಾರದು ಎಂದು ಗೊತ್ತಿತ್ತು. ಡಿಸ್ಕೇ ಸುಟ್ಟುಹೋಗಬಹುದು ಎಂದೂ ಗೊತ್ತಿತ್ತು. ಅಮಾವಾಸ್ಯೆಯ ಹಿಂದಿನ ಸಂಜೆ ಹಾಲಿನಿಂದಲೇ ಎಲ್ಲವನ್ನೂ ಹಳೆಯ ಕಂಪ್ಯೂಟರಿಗೆ ಒಂದು ಪ್ರತಿ ಇಳಿಸಿಕೊಂಡೆ. ಉಳಿದದ್ದಕ್ಕೆ ನಾನು ಸಿದ್ಧಳಾಗಿದ್ದೆ.

ದೀಪಾವಳಿ ಅಮಾವಾಸ್ಯೆಯಂದು ಕಾರ್ಖಾನೆಗೆಲ್ಲ ಚೆಂಡುಹೂ. ಹಬ್ಬಕ್ಕೆ ಮುಂಚೆ ಮಾಲು ಮುಟ್ಟಿಸಬೇಕೆಂದು ಗೇಟಿನಲ್ಲಿ ಒಂಬತ್ತು ಲಾರಿ. ಮಾಲೀಕರು ಹತ್ತಕ್ಕೆ ಬಂದು, ಡಿಸ್ಪ್ಯಾಚ್ ಹಾಲಿನಲ್ಲಿ ಕಾಯಿ ಒಡೆದು, ನನ್ನ ಮೇಜಿನ ಮುಂದೆ ಬಂದರು. ಹಳೆಯ ಕಂಪ್ಯೂಟರಿನ ಪರದೆಯಲ್ಲಿ ಸಾಲುಗಳು ಇಳಿಯುತ್ತಿದ್ದವು.

"ಏನಿದು? ಜ್ವರದ ಚೀಟಿ ಇದ್ದಂಗ ಐತಿ."

"ಜ್ವರಾನೇ ರೀ ಸಾವ್ಕಾರ್ರ" ಎಂದೆ. "ಸರ್ವರಿಂದು. ಏಳೂವರಿಗೆ ನಲವತ್ತೆರಡಿತ್ತು, ಈಗ ಅರವತ್ನಾಕು. ಎಪ್ಪತ್ತು ದಾಟಿದ್ರ ಬೀಳತೈತಿ. ಹನ್ನೊಂದರ ಸುಮಾರ."

ಮೂರು ತಿಂಗಳ ಲಾಗಿನ ಕಾಗದಗಳನ್ನೂ, ಮ್ಯಾನೇಜರರು ಕೆಂಪು ಸುತ್ತು ಹಾಕಿದ್ದ ತಾರೀಖುಗಳನ್ನೂ, ಪಕ್ಕದಲ್ಲಿ ಅಮಾವಾಸ್ಯೆಗಳನ್ನೂ ಬರೆದ ಹಾಳೆಯನ್ನು ಅವರ ಮುಂದಿಟ್ಟೆ. ಏಸಿಯ ಮಾತು ಹೇಳಿದೆ. ಒಳಗೆ ಉರಿಯುತ್ತಿರುವ ದೀಪದ ಮಾತೂ ಹೇಳಿದೆ. ಮನೆಯಲ್ಲಿ ಕನ್ನಡಿಯ ಮುಂದೆ ಹತ್ತು ಸಲ ಹೇಳಿ ನೋಡಿದ್ದೆ.

ಮ್ಯಾನೇಜರರ ಮುಖ ಕೆಂಪಾಯಿತು. "ಸುಳ್ಳ ರೀ! ಎರಡ ತಾಸ ಥಂಡಿ ಗಾಳಿ ಇಲ್ಲಂದ್ರ ಮಷಿನ್ ಸಾಯತೈತೇನು? ನಾ ಈಗ ಹೋಗಿ ಚಾಲೂ ಮಾಡಿ ಬರ್ತೇನಿ..."

ಮಾಲೀಕರು ವ್ಯಾಪಾರಸ್ಥರು, ತೂಕ ನೋಡದೆ ಮಾತು ನಂಬುವವರಲ್ಲ. ಕುರ್ಚಿ ಎಳೆದು ಕೂತರು. "ನಿಲ್ರಿ. ನೋಡೂಣು."

ಆ ಮುಕ್ಕಾಲು ತಾಸು ನನ್ನ ಜೀವಮಾನದ ಹಬ್ಬ. ಐದು ನಿಮಿಷಕ್ಕೊಂದು ಸಾಲು. ಅರವತ್ತಾರು. ಅರವತ್ತೇಳು. ಮ್ಯಾನೇಜರರು ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಲಕ್ಷ್ಮೀಪೂಜೆಯ ದೀಪ ಆರಿಸಿ ಎಂದು ತಾವೇ ಹೇಳುವಂತಿಲ್ಲ, ಉರಿಯಲಿ ಎಂದೂ ಹೇಳುವಂತಿಲ್ಲ. ನಾನು ಅವರ ಮುಖವನ್ನೇ ನೋಡುತ್ತಾ ಕೂತೆ, ಕಣ್ಣು ತೆಗೆಯಲಿಲ್ಲ. ಹನ್ನೊಂದಕ್ಕೆ ಎಪ್ಪತ್ತು. ಹನ್ನೊಂದೂ ಐದರ ಸಾಲು ಬರಲೇ ಇಲ್ಲ. ಪಕ್ಕದ ಮೇಜಿನ ಗುಮಾಸ್ತ "ನಿಂತಿತ್ರಿ" ಎಂದ.

ಮಾಲೀಕರು ಎದ್ದು ಅಂಗಳ ದಾಟಿದರು, ನಾವೆಲ್ಲ ಹಿಂದೆ ಹೋದೆವು. ಗಾಜಿನ ಬಾಗಿಲಾಚೆ ದೀಪ ಅಲುಗದೆ ಉರಿಯುತ್ತಿತ್ತು. "ಎಬ್ಬಿಸವಾ" ಎಂದರು ಮಾಲೀಕರು. ನಾನು ಕೈ ಚಾಚಿದೆ. ಮ್ಯಾನೇಜರರು ಕೀಲಿ ತೆಗೆದವರು ಅದನ್ನು ಮುಷ್ಟಿಯಲ್ಲೇ ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದರು:

"ಒಳಗ ಲಕ್ಷ್ಮಿ ದೀಪ ಐತಿ. ನೀ ಇವತ್ತ...?"

ಇಷ್ಟಾದ ಮೇಲೂ! ನಾನು ಮಾಲೀಕರ ಕಡೆ ನೋಡಿದೆ. ಅವರು ಗದರಿಸುತ್ತಾರೆ ಎಂದುಕೊಂಡಿದ್ದೆ. ಗದರಿಸಲಿಲ್ಲ. ಅವರೂ ನನ್ನ ಉತ್ತರಕ್ಕೆ ಕಾಯುತ್ತಾ ನಿಂತಿದ್ದರು. ಗುಮಾಸ್ತರೂ ಕಾಯುತ್ತಿದ್ದರು. ಮೂರು ತಿಂಗಳ ಅಂಕಿಗಳು, ಆ ಎಲ್ಲ ರವಿವಾರಗಳು ಆ ಕ್ಷಣಕ್ಕೆ ಯಾವ ಲೆಕ್ಕಕ್ಕೂ ಬರಲಿಲ್ಲ.

"ಹೌದ್ರಿ" ಎಂದೆ, ಗಟ್ಟಿಯಾಗಿ. "ಹೊರಗಾಗೇನಿ. ಇವತ್ತ ಎರಡನೇ ದಿನ. ಎಬ್ಬಿಸಲಿಕ್ಕೆ ಬರೋದು ನನಗೊಬ್ಬಾಕಿಗೇ. ಹುಬ್ಬಳ್ಳ್ಯಾಂವ ಹಬ್ಬ ಮುಗಿಸಿ ಬರ್ತಾನ. ನಾ ಹೋಗಲೋ, ಬಿಡಲೋ?"

ಗೇಟಿನಲ್ಲಿ ಒಬ್ಬ ಡ್ರೈವರ್ ಹಾರ್ನ್ ಮೇಲೆ ಕೈಯಿಟ್ಟ. ಆಮೇಲೆ ಇನ್ನೊಬ್ಬ. ಮಾಲೀಕರು ನೆಲ ನೋಡಿದರು, ದೀಪ ನೋಡಿದರು.

"ಕೀಲಿ ಕೊಡ್ರಿ ಆಕಿಗೆ" ಎಂದರು.

ಕೈಗೆ ಕೈ ತಾಗದ ಹಾಗೆ ಮ್ಯಾನೇಜರರು ಅದನ್ನು ಮೇಲಿನಿಂದ ನನ್ನ ಅಂಗೈಗೆ ಬಿಟ್ಟರು. ಒಳಗೆ ಒಲೆಯ ಮುಂದೆ ನಿಂತಂಥ ಬಿಸಿ. ದೀಪವನ್ನು ನಾನು ಆರಿಸಲಿಲ್ಲ. ಏಸಿಯ ಗುಂಡಿ ಒತ್ತಿದೆ ಅಷ್ಟೇ, ಉಳಿದ ಕೆಲಸ ಗಾಳಿ ಮಾಡಿತು. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಆರಲು ಬಿಟ್ಟೆ. ಚಾಲೂ ಮಾಡಿದೆ. ಡಿಸ್ಕಿನ ತಪಾಸಣೆ ನಡೆಯುತ್ತಿದ್ದ ಅರ್ಧ ತಾಸು ಎಲ್ಲರೂ ಗಾಜಿನಾಚೆ ನಿಂತಿದ್ದರು, ಒಬ್ಬರೂ ಹೊಸಿಲು ದಾಟಲಿಲ್ಲ. ಲಾಗಿನ್ ಸಾಲು ಪರದೆಯ ಮೇಲೆ ಬಂದಾಗ ತಿರುಗಿ ನೋಡಿದೆ. ಮ್ಯಾನೇಜರರು ಅಲ್ಲಿರಲಿಲ್ಲ.

ಅವರು ಆ ಗಾಜಿನ ಗೂಡಿಗೆ ಮತ್ತೆ ಕಾಲಿಡಲಿಲ್ಲ. ಪೂಜೆ ಹೊರಗಿನ ಹೊಸಿಲಿಗೆ ಬಂತು. ಕೀಲಿಯನ್ನು ಅವರು ಕೇಳಲೂ ಇಲ್ಲ, ನಾನು ಕೊಡಲೂ ಇಲ್ಲ. ಸರ್ವರ್ ಮತ್ತೆ ಬೀಳಲಿಲ್ಲ, ವಿನೀರ್ ಶೆಡ್ಡಿನ ಮಾತೂ ಏಳಲಿಲ್ಲ.

ನಾನು ಹೇಳಿದ್ದು ಸುಳ್ಳು. ಅಂದು ನನಗೆ ಏನೂ ಆಗಿರಲಿಲ್ಲ, ಇನ್ನೂ ಹನ್ನೆರಡು ದಿನವಿತ್ತು. ಹನ್ನೆರಡನೇ ದಿನ ಬೆಳಿಗ್ಗೆ ಬಂದವಳೇ ಕೀಲಿ ತೆಗೆದು ಒಳಗೆ ಹೋದೆ, ಕುರ್ಚಿ ಹಾಕಿಕೊಂಡು ಸಂಜೆಯವರೆಗೆ ಅಲ್ಲೇ ಕೂತು ಕೆಲಸ ಮಾಡಿದೆ.